ಸೂಕ್ಷ್ಮಜೀವಿಗೆ ದಕ್ಕಿದ ಊರಿನ ಹೆಸರು

ಕೇಳುಗರಿಗೆ ನಮಸ್ಕಾರ.

ರಜೆಯಲ್ಲಿ ಗದಗಿಗೋ ವಿಜಯಪುರಕ್ಕೋ ಹೋದಾಗ 'ಈಗ ಎಲ್ಲಿದ್ದೀರಿ?' ಎಂದು ಕೇಳುವವರಿಗೆ, ಪುಣೆಗೆ ಅಂಟಿಕೊಂಡಿರುವ ಪಿಂಪ್ರಿ-ಚಿಂಚವಡದಲ್ಲಿ ಎಷ್ಟೋ ವರ್ಷಗಳಿಂದ ನೆಲೆಸಿರುವ ನಾವು ಕನ್ನಡಿಗರು 'ಪುಣೆಯಲ್ಲಿ' ಎಂದೇ ಉತ್ತರಿಸುತ್ತೇವೆ. ವಿವರಿಸುವ ಬೇಸರ ಅದಕ್ಕೊಂದು ಕಾರಣ. ಪುಣೆಯ ಪೇಶ್ವೆಗಳ ಕೋಟೆ ಶನಿವಾರವಾಡೆಯ ಹಿರಿಮೆಯಲ್ಲಿ ನಮಗೂ ತುಸು ಪಾಲು ಸಿಗಲಿ ಎಂಬ ಆಸೆ ಇನ್ನೊಂದು.

ಆ ಆಸೆಯ ಅಗತ್ಯವೇ ಇರಲಿಲ್ಲ. ಇಲ್ಲಿನ ಪವನಾ ನದಿಯ ದಂಡೆಯಲ್ಲಿ ಗಣೇಶಭಕ್ತ ಸಂತ ಮೋರಯಾ ಗೋಸಾವಿಯವರ ಸಮಾಧಿ ಮಂದಿರವಿದೆ. 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿಸಿದ ಚಾಪೇಕರ ಸಹೋದರರು ಚಿಂಚವಡದವರು. ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿಗಳನ್ನು ಕೂಡಿಸಿ 1970ರಲ್ಲಿ ನಗರಪಾಲಿಕೆಯಾಯಿತು, 1982ರಲ್ಲಿ ಮಹಾನಗರಪಾಲಿಕೆ. 2011ರ ಜನಗಣತಿಯ ವೇಳೆಗೆ ಇಲ್ಲಿದ್ದವರು 17 ಲಕ್ಷಕ್ಕೂ ಹೆಚ್ಚು ಮಂದಿ.

ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಪಿಂಪ್ರಿಯ ಔಷಧ ಕಾರ್ಖಾನೆಯ ಕಥೆ. ಸ್ಕೂಟರು, ಲಾರಿಗಳ ತಯಾರಿಕೆಯಿಂದ ಈ ಪ್ರದೇಶ ಹೆಸರಾಗುವುದಕ್ಕೂ ಮೊದಲು, 1954ರಲ್ಲಿ, ಕೇಂದ್ರ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸಂಸ್ಥೆಯನ್ನು ಇಲ್ಲಿ ಸ್ಥಾಪಿಸಿತು. ಅದುವರೆಗೆ ಹೊರದೇಶದಿಂದ ಬರಬೇಕಿದ್ದ ಪೆನಿಸಿಲಿನ್, ಮರುವರ್ಷವೇ ಇಲ್ಲಿ ತಯಾರಾಗತೊಡಗಿತು. ಅದರ ಸಂಶೋಧನಾಲಯದಲ್ಲಿದ್ದವರು ಮೈಸೂರು ಸೀಮೆಯಿಂದ ಬಂದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್. ಅವರೂ ಅವರ ಸಹೋದ್ಯೋಗಿಗಳೂ ಕಂಡುಹಿಡಿದ ಶಿಲೀಂಧ್ರನಾಶಕ ಔಷಧಕ್ಕೆ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ 'ಹ್ಯಾಮೈಸಿನ್' ಎಂಬ ಹೆಸರು ಬಂದಿತು. ಅದನ್ನು ಉತ್ಪಾದಿಸುವ ಸೂಕ್ಷ್ಮಜೀವಿಯನ್ನು ಅವರು 'ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ' ಎಂದು ಕರೆದರು. ಊರಿನವರೇ ಹೇಳಿಕೊಳ್ಳಲು ಅಳುಕುವ ಹೆಸರು ಹೀಗೆ ವಿಜ್ಞಾನದ ಗ್ರಂಥಗಳನ್ನು ಸೇರಿತು, ಅದೂ ನಮ್ಮ ಕಡೆಯವರೊಬ್ಬರ ಕೈಯಿಂದ.

ಸಂಸ್ಥೆಯ ಹಳೆಯ ವೈಭವ ಇಂದು ಉಳಿದಿಲ್ಲ ಎಂಬುದನ್ನು ನಾನು ಮರೆಮಾಚುವುದಿಲ್ಲ. ಹೆಸರಿನ ಗೊಂದಲವಂತೂ ಮುಗಿದೇ ಇಲ್ಲ: 2022ರ ಮಾರ್ಚ್‌ನಲ್ಲಿ ಪುಣೆ ಮೆಟ್ರೋ ಮೊದಲು ಓಡಿದ ಎರಡು ಮಾರ್ಗಗಳಲ್ಲಿ ಒಂದು, ಫುಗೇವಾಡಿಯವರೆಗಿನದು, ಪೂರ್ತಿಯಾಗಿ ನಮ್ಮ ಊರಿನೊಳಗೇ ಇತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಎಂದಿನ ಪ್ರಶ್ನೆಯನ್ನೇ ಕೇಳಿದರು. ಈ ಬಾರಿ 'ಪಿಂಪ್ರಿ' ಎಂದೆ. 'ಅದೆಲ್ಲಿ ಬರ್ತದ್ರೀ?' ಎಂದರು. ನಾನು ಪೆನಿಸಿಲಿನ್‌ನಿಂದ ಆರಂಭಿಸಿದೆ.