ಹಸಿ ಟೊಮೆಟೊ, ಸುಟ್ಟ ಬ್ರೆಡ್, ಬಾಗಿಲಲ್ಲಿ ಅತಿಥಿಗಳು

ನಮಸ್ಕಾರ. ಸಂಜೆ ಏಳಕ್ಕೆ ಮನೆಗೆ ಆರು ಜನ ಬರುವವರಿದ್ದರು. ಊಟ ಆಗಲೇ ಸಿದ್ಧವಾಗಿತ್ತು. ಬಂದವರು ಕುಳಿತು ಮಾತಿಗೆ ತೊಡಗುವ ಹೊತ್ತಿಗೆ ಕೈಗೆ ಕೊಡಲು ಏನಾದರೂ ಬೇಕಲ್ಲ, ಅದಕ್ಕಾಗಿ ಮಾಡಿದ್ದು ಇದು: ಸುಟ್ಟ ಬ್ರೆಡ್ಡಿನ ಮೇಲೆ ಹಸಿ ಟೊಮೆಟೊ. ಇಟಲಿಯವರು ಬ್ರುಸ್ಕೆಟ್ಟಾ ಎನ್ನುತ್ತಾರೆ. ಕೆಂಡದ ಮೇಲೆ ಸುಡುವುದು ಎಂಬರ್ಥದ ಪದದಿಂದ ಬಂದ ಹೆಸರು, ಅಂದರೆ ಹೆಸರಿನ ಗೌರವವೆಲ್ಲ ಬ್ರೆಡ್ಡಿಗೇ ಸಂದಿದೆ. ನನ್ನ ಮನಸ್ಸು ಮಾತ್ರ ಟೊಮೆಟೊ ಕಡೆಗೆ.

ಮೇಜಿನ ಮೇಲೆ ಕಾಣುತ್ತಿವೆಯಲ್ಲ, ಈ ಅರ್ಧ ಕಿಲೋ ಹಣ್ಣನ್ನು ನಾನು ಫ್ರಿಜ್ಜಿನಲ್ಲಿ ಇಟ್ಟೇ ಇಲ್ಲ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ದಿನಗಟ್ಟಲೆ ಇದ್ದರೆ ಟೊಮೆಟೊ ಪರಿಮಳ ಕಳೆದುಕೊಳ್ಳುತ್ತದೆ. ಪರಿಮಳ ಹುಟ್ಟಿಸುವ ಜೀನುಗಳ ಕೆಲಸವೇ ಚಳಿಗೆ ಕುಗ್ಗುತ್ತದೆ ಎಂದು 2016ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಬೇಯಿಸುವ ಅಡುಗೆಯಲ್ಲಿ ಈ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹಸಿಯಾಗಿ ಬಡಿಸುವಾಗ ಅದನ್ನು ಮುಚ್ಚಲು ಮಸಾಲೆಯೂ ಇಲ್ಲ, ಒಗ್ಗರಣೆಯೂ ಇಲ್ಲ.

ಈಗ ಹೆಚ್ಚುತ್ತಿದ್ದೇನೆ. ಬೀಜದ ಸುತ್ತಲಿನ ಲೋಳೆಯನ್ನು ತೆಗೆದು ಎಸೆಯಿರಿ ಎಂದು ಹಲವರು ಹೇಳುತ್ತಾರೆ, ಬ್ರೆಡ್ ಒದ್ದೆಯಾಗದಿರಲಿ ಎಂದು. ದಯವಿಟ್ಟು ಎಸೆಯಬೇಡಿ. ನಾಲಿಗೆಗೆ ತುಂಬಿದ ರುಚಿ ಕೊಡುವ ಗ್ಲುಟಾಮಿಕ್ ಆಮ್ಲ ಹೊರಗಿನ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು. ಒದ್ದೆಯಾಗದಂತೆ ನೋಡಿಕೊಳ್ಳಲು ಬೇರೆ ದಾರಿಯಿದೆ.

ಜರಡಿಯನ್ನು ಬಟ್ಟಲಿನ ಮೇಲಿಟ್ಟು ಹೋಳುಗಳನ್ನು ಸುರಿದು, ಮುಕ್ಕಾಲು ಟೀ ಚಮಚ ಉಪ್ಪು ಬೆರೆಸಿ ಹದಿನೈದು ನಿಮಿಷ ಬಿಟ್ಟೆ. ಕ್ಯಾಮೆರಾವನ್ನು ಹತ್ತಿರ ತಂದಿದ್ದೇನೆ, ನೋಡಿ. ಮೊದಲು ಹೋಳಿನ ಅಂಚು ಮಿನುಗುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಹನಿ ಕಟ್ಟುತ್ತದೆ, ಒಂದು ಹನಿ ಇನ್ನೊಂದನ್ನು ಸೇರಿ ಜಾರುತ್ತದೆ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಉಪ್ಪು ಅದರಲ್ಲಿ ಒಂದಿಷ್ಟನ್ನು ಹೊರಗೆ ಎಳೆದಾಗ ಉಳಿದ ತಿರುಳಿನ ರುಚಿ ಗಟ್ಟಿಯಾಗುತ್ತದೆ. ಕೆಳಗೆ ಇಳಿದ ರಸದಲ್ಲಿ ಎರಡು ಚಮಚ ತೆಗೆದುಕೊಂಡು, ಅಷ್ಟೇ ಆಲಿವ್ ಎಣ್ಣೆ ಮತ್ತು ಕಾಳುಮೆಣಸಿನ ಪುಡಿ ಹಾಕಿ ಚೆನ್ನಾಗಿ ಕಲಕಿ, ಮತ್ತೆ ಹೋಳುಗಳಿಗೇ ಸೇರಿಸಿದೆ. ಬೇಸಿಲ್ ಎಲೆಗಳನ್ನು ಕೈಯಲ್ಲೇ ಹರಿದು ಹಾಕಿದೆ. ಅಷ್ಟೇ.

ಬ್ರೆಡ್ಡಿಗೆ ಗರಿಗರಿಯಾದ ಮೈ ಬೇಕು. ಕಾವಲಿಯ ಮೇಲೆ ಎರಡೂ ಕಡೆ ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಬಿಟ್ಟು, ಬಿಸಿ ಇರುವಾಗಲೇ ಬೆಳ್ಳುಳ್ಳಿ ಎಸಳನ್ನು ಉಜ್ಜಬೇಕು. ಒರಟು ಮೈ ತುರಿಮಣೆಯ ಹಾಗೆ ಎಸಳನ್ನು ಸವೆಸುತ್ತದೆ. ಬಾಯಿಗೆ ಚೂರು ಸಿಗುವುದಿಲ್ಲ, ಘಮ ಮಾತ್ರ ಉಳಿಯುತ್ತದೆ. ಚಿಕ್ಕಮ್ಮ ಬೆಳ್ಳುಳ್ಳಿ ತಿನ್ನುವುದಿಲ್ಲ, ಅವರ ಎರಡು ತುಂಡುಗಳನ್ನು ಮೊದಲೇ ಬೇರೆ ತಟ್ಟೆಯಲ್ಲಿ ಎತ್ತಿಟ್ಟೆ.

ಒಂದು ವಿಷಯದಲ್ಲಿ ನಾನು ಬಹಳ ಹಠಮಾರಿ: ಜೋಡಿಸುವುದು ಅತಿಥಿಗಳು ಬಂದ ಮೇಲೆಯೇ. ಕಳೆದ ಸಲ ಅರ್ಧ ಗಂಟೆ ಮೊದಲೇ ಜೋಡಿಸಿಟ್ಟಿದ್ದೆ. ಎತ್ತಿದ ಕೂಡಲೇ ಬ್ರೆಡ್ ನಡುವೆ ಬಾಗಿತು, ಟೊಮೆಟೊ ಗೆಳತಿಯ ಸೀರೆಯ ಮೇಲೆ ಬಿತ್ತು. ಅವಳು ಏನೂ ಅನ್ನಲಿಲ್ಲ, ನನಗೆ ಮಾತ್ರ ಆ ಕಲೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾಗಿ ಈ ಸಲ ಕರೆಗಂಟೆ ಕೇಳಿದ ಮೇಲೆಯೇ ಚಮಚ ಹಿಡಿದೆ. ಹನ್ನೆರಡು ತುಂಡು ಜೋಡಿಸಲು ಮೂರು ನಿಮಿಷವೂ ಬೇಕಾಗಲಿಲ್ಲ. ಎಲ್ಲರೂ ಅಡುಗೆಮನೆಯ ಬಾಗಿಲಲ್ಲೇ ನಿಂತು ತಿಂದರು, ಮೊದಲ ಕಡಿತದ ಕರ್ ಎಂಬ ಸದ್ದು ವಿಡಿಯೊದಲ್ಲೂ ಕೇಳುತ್ತದೆ. ಕೊನೆಗೆ ಚಿಕ್ಕಮ್ಮ ಬಟ್ಟಲಲ್ಲಿ ಉಳಿದಿದ್ದ ರಸ ನೋಡಿ, "ಇದನ್ನು ಚೆಲ್ಲುತ್ತೀಯಾ?" ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಬ್ರೆಡ್ಡಿನ ಅಂಚೊಂದನ್ನು ಅದರಲ್ಲಿ ಅದ್ದಿದ್ದರು.