ಬೆರಳು ನೋಯದೆ ಕೌದಿ ಹೊಲಿಯುವುದು

ತಾಯಂದಿರೇ, ಅಕ್ಕ ತಂಗಿಯರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಅವ್ವ ತನ್ನ ಕೊನೆಯ ಕೌದಿಯನ್ನು ಅರ್ಧಕ್ಕೆ ಬಿಟ್ಟಳು. ಹಳೆಯ ಇಳಕಲ್ ಸೀರೆಗಳಿದ್ದವು, ಮಧ್ಯಾಹ್ನದ ಬಿಡುವಿತ್ತು, ಆಸೆಯೂ ಇತ್ತು. ಹೆಬ್ಬೆರಳಿನ ಗೆಣ್ಣು ಮಾತ್ರ ಒಪ್ಪಲಿಲ್ಲ. ಆ ಅರ್ಧ ಕೌದಿ ಇಲ್ಲೇ ಮೇಜಿನ ಮೇಲಿದೆ. ಅವಳ ಸೂಜಿಯೂ ಅದರಲ್ಲೇ ಚುಚ್ಚಿಕೊಂಡಿತ್ತು. ಗೋಣಿಚೀಲ ಹೊಲಿಯುವಷ್ಟು ದಪ್ಪ, ತುದಿ ಮೊಂಡಾಗಿತ್ತು. ಇಂಥ ಸೂಜಿ ಹಿಡಿದು ಆಕೆ ಅಷ್ಟು ವರ್ಷ ಹೊಲಿದಳಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಕೌದಿ ಎಂದರೆ ಕೈ ನೋಯಲೇಬೇಕು ಎಂದು ನಾವು ನಂಬಿಬಿಟ್ಟಿದ್ದೇವೆ. ಆ ನಂಬಿಕೆ ಬಿಡಿಸಬೇಕೆಂದೇ ನಾನು ಬಂದಿದ್ದೇನೆ.

ಮೊದಲು ಬಟ್ಟೆ ನೋಡೋಣ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಧೋತರ ಇದ್ದರೆ ಅರ್ಧ ಕೆಲಸ ಮುಗಿದಂತೆ. ಗಂಜಿ ಹಾಕಿದ್ದರೆ ತೊಳೆದು ತೆಗೆಯಿರಿ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಸೀರೆಯ ಅಂಚಿನಲ್ಲಿ ನೇಯ್ಗೆ ಬಿಗಿ. ಸೂಜಿ ಅಲ್ಲೇ ಹಟ ಹಿಡಿಯುತ್ತದೆ, ಆದ್ದರಿಂದ ಒಳಪದರಗಳಿಗೆ ಹಾಕುವ ಸೀರೆಯ ಅಂಚು ಹರಿದು ತೆಗೆಯಿರಿ. ಪಾಲಿಯೆಸ್ಟರ್ ಸೀರೆ ಜಾರುತ್ತದೆ. ನಾನಂತೂ ಕೌದಿಗೆ ಅದನ್ನು ಸೇರಿಸುವುದಿಲ್ಲ.

ಸೂಜಿಯ ಲೆಕ್ಕ ಉಲ್ಟಾ: ನಂಬರು ಹೆಚ್ಚಾದಷ್ಟು ಸೂಜಿ ಸಣ್ಣ. ತೆಳು ಪದರಗಳನ್ನು ಕೈಯಲ್ಲಿ ಹೊಲಿಯಲು ಬಿಟ್ವೀನ್ಸ್ ಎಂಬ ಗಿಡ್ಡ ಸೂಜಿ ಸಿಗುತ್ತದೆ. ಕಲಿಯುವವರಿಗೆ 8 ಅಥವಾ 9 ನಂಬರು ಸಾಕು. ನಾಲ್ಕೈದು ಪದರದ ಕೌದಿಗೆ, ದಪ್ಪ ದಾರಕ್ಕೆ, ಉದ್ದನೆಯ ಗಟ್ಟಿ ಸೂಜಿ ಬೇಕು. ಹಾಗೆಂದು ದಬ್ಬಣ ಹಿಡಿಯಬೇಡಿ. ತುದಿ ಮೊಂಡಾದ ಸೂಜಿಯನ್ನು ಎಸೆಯಲು ಜಿಪುಣತನ ಮಾಡಬೇಡಿ.

ದಾರ ಮೊಣಕೈಯಿಂದ ಬೆರಳ ತುದಿಯವರೆಗೆ, ಸುಮಾರು 18 ಇಂಚು, ಸಾಕು. ಉದ್ದ ದಾರ ಪ್ರತಿ ಹೊಲಿಗೆಗೂ ಬಟ್ಟೆಯಲ್ಲಿ ಉಜ್ಜಿ ಪಿಸಿಯುತ್ತದೆ, ಸಿಕ್ಕಾಗುತ್ತದೆ. ರೀಲಿನಿಂದ ಮೊದಲು ಹೊರಬರುವ ತುದಿಯನ್ನೇ ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಹಾಗೆ ಮಾಡಿದರೆ ಸುರುಳಿ ಸುತ್ತುವುದು ಕಡಿಮೆ. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ಇನ್ನೂ ನುಣುಪು. ಕಣ್ಣು ಮಂಜಾದವರು ಬೆಳಕಿದ್ದಾಗಲೇ ಹತ್ತು ಸೂಜಿ ಪೋಣಿಸಿ ಸಾಲಾಗಿ ಚುಚ್ಚಿಟ್ಟುಕೊಳ್ಳಿ.

ಇನ್ನು ಬೆರಳು. ದರ್ಜಿಗಳ ಅಂಗುಸ್ತಾನವನ್ನು, ಅಂದರೆ ಬೆರಳಿಗೆ ತೊಡುವ ಟೊಪ್ಪಿಗೆಯನ್ನು, ಮಧ್ಯದ ಬೆರಳಿಗೆ ಹಾಕಿ, ಅದರಿಂದಲೇ ಸೂಜಿಯ ಹಿಂಬದಿ ದೂಡಿ. ಮೊದಲ ದಿನ ತೊಡಕೆನಿಸುತ್ತದೆ, ಒಂದು ವಾರದಲ್ಲಿ ಅದಿಲ್ಲದೆ ಕೂರಲಾಗುವುದಿಲ್ಲ. ಸೂಜಿ ಎಳೆಯುವಾಗ ಜಾರಿದರೆ ಸೈಕಲ್ ಟ್ಯೂಬಿನ ಚೂರಿನಿಂದ ಹಿಡಿಯಿರಿ. ಅವ್ವನ ಗೆಣ್ಣು ನೋಯುತ್ತಿದ್ದದ್ದು ಈ ಎಳೆತದಲ್ಲೇ. ಐದು ರೂಪಾಯಿ ಬಾಳದ ರಬ್ಬರ್ ಚೂರು ಆಕೆಗೆ ಆಸರೆಯಾಗಬಹುದಿತ್ತು.

ಒಂದೊಂದೇ ಹೊಲಿಗೆ ಚುಚ್ಚಿ ಎಳೆಯುವುದು ಮಣಿಕಟ್ಟಿಗೆ ಭಾರ. ಸೂಜಿಯನ್ನು ನೆಟ್ಟಗೆ ಇಳಿಸಿ, ಬಟ್ಟೆಯ ಕೆಳಗಿಟ್ಟ ಇನ್ನೊಂದು ಕೈಯ ಬೆರಳಿಗೆ ತುದಿ ತಾಗಿದ ಕೂಡಲೇ ವಾಲಿಸಿ ಮೇಲಕ್ಕೆ ತನ್ನಿ. ಹೀಗೆ ತೂಗುತ್ತಾ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂಡಿಸಿಕೊಂಡು ಒಮ್ಮೆಗೇ ಎಳೆಯಿರಿ. ಜಪಾನಿನ ಸಾಶಿಕೋ ಹೊಲಿಗೆಯವರು ಅಂಗೈಗೆ ತಗಡಿನ ಬಿಲ್ಲೆಯಿರುವ ಉಂಗುರ ತೊಟ್ಟು, ಉದ್ದ ಸೂಜಿಯನ್ನು ಅಂಗೈಯಿಂದಲೇ ಒತ್ತುತ್ತಾರೆ. ಸೂಜಿ ಹೆಚ್ಚು ಅಲುಗದು. ಬಟ್ಟೆಯೇ ನೆರಿಗೆಯಾಗಿ ಅದರ ಮೇಲೆ ಏರುತ್ತದೆ.

ಪದರ ಜಾರದಂತೆ ಮೊದಲು ಕಚ್ಚಾ ಹೊಲಿಗೆ ಹಾಕುವುದು ವಾಡಿಕೆ. ನಡುವಿನಿಂದ ಅಂಚಿಗೆ ಹೋದರೆ ಸುಕ್ಕು ಹೊರಗೆ ಸರಿಯುತ್ತದೆ. ಹೊಲಿಗೆಯ ಗೆರೆ ಎಳೆಯಲು ಪೆನ್ನು ಬೇಡ, ಒಣಗಿದ ಸೋಪಿನ ಚೂರು ಸಾಕು, ಒಗೆದರೆ ಹೋಗುತ್ತದೆ.

ಆದರೆ ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ದಾರಿಯೇ ಬೇರೆ. ಅವರು ಹಳೆಯ ಸೀರೆ ಹಾಸಿ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ತೇಪೆಯ ಅಂಚು ಮಡಚಿ ಇಡುತ್ತಾ, ಅದೇ ಉಸಿರಿನಲ್ಲಿ ಎಲ್ಲ ಪದರ ಸೇರಿಸಿ ಹೊಲಿಯುತ್ತಾ, ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ಫೂಲ, ಅಂದರೆ ಹೂವು. ಚೌಕಟ್ಟಿಲ್ಲ, ಮೊದಲೇ ಬರೆದ ಗೆರೆಯಿಲ್ಲ. ತೇಪೆ ಜೋಡಿಸುವುದು, ಪದರ ಕೂಡಿಸುವುದು, ಹೊಲಿಯುವುದು, ಮೂರೂ ಒಂದೇ ಕೆಲಸವಾಗುತ್ತದೆ. ಹಿಂದಿನ ಸುತ್ತಿನ ಸಾಲೇ ಮುಂದಿನ ಸಾಲಿಗೆ ಗೆರೆ. ಇದಕ್ಕಿಂತ ಹಗುರಾದ ವಿಧಾನವನ್ನು ನಾನು ಕಂಡಿಲ್ಲ. ಇದನ್ನು ಮುಖ್ಯವಾಗಿ ಕಲಿಯಬೇಕೆಂದು ನನ್ನ ಆಸೆ.

ಅರ್ಧ ಗಂಟೆಗೊಮ್ಮೆ ಏಳಿ, ಕೈ ಬಿಡಿಸಿ. ಬಲಗೈಯವರು ಬೆಳಕು ಎಡದಿಂದ ಬೀಳುವಂತೆ ಕೂತುಕೊಳ್ಳಿ.

ಅವ್ವನ ಕೌದಿಯನ್ನು ಈಗ ಜಮಖಾನೆಯ ಮೇಲೆ ಹಾಸುತ್ತೇನೆ. ಅವಳ ಸಾಲು ನಿಂತ ಜಾಗಕ್ಕೆ ಸೋಪಿನ ಗುರುತು ಹಾಕಿದ್ದೇನೆ, ಸೂಜಿ ಪೋಣಿಸಿಟ್ಟಿದ್ದೇನೆ. ನಾಲ್ಕು ಮಂದಿ ಸುತ್ತ ಕೂರಬಹುದು, ಬನ್ನಿ.