ಕೊಟ್ಟಿಗೆಯಲ್ಲಿ ಪುಣ್ಯಕೋಟಿ: ಗೋವಿನ ಹಾಡಿನ ಮೂರು ಸಾಲು

ಎಲ್ಲರಿಗೂ ನಮಸ್ಕಾರ.

ಪುಣ್ಯಕೋಟಿ ಎಂದೊಡನೆ ನಮಗೆ ನೆನಪಾಗುವುದು ಸತ್ಯ: ಹುಲಿಗೆ ಕೊಟ್ಟ ಭಾಷೆ, ಮರಳಿ ಹೋದ ಹಸು, ಪ್ರಾಣ ಬಿಟ್ಟ ಹುಲಿ. ನಡುವೆ ಕೊಟ್ಟಿಗೆಯಲ್ಲಿ ನಡೆಯುವುದನ್ನು ಬೇಗ ದಾಟಿಬಿಡುತ್ತೇವೆ. ಹಾಡಿನ ಜೀವ ಇರುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ.

ಸುಳ್ಳು ಹೇಳಿ, ಹಾಲೂಡಿಸಿ, ಸದ್ದಿಲ್ಲದೆ ಹೊರಟುಬಿಡಬಹುದಿತ್ತು ಆ ತಾಯಿ. ಹಾಗೆ ಮಾಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕರುವಿಗೆ ಹೇಳುತ್ತಾಳೆ. ಇಲ್ಲೇ ಇದ್ದುಬಿಡು ಎಂದು ಕರು ಬೇಡುತ್ತದೆ. ಆಗದು ಎಂದು ಗೊತ್ತಾದ ಮೇಲೆ ಅದು ಕೇಳುವುದು ಏನು? ಯಾರ ಮೊಲೆ ಕುಡಿಯಲಿ, ಯಾರನ್ನು ಸೇರಿ ಬದುಕಲಿ, ಯಾರ ಬಳಿ ಮಲಗಲಿ. ಇಂಥ ಪ್ರಶ್ನೆಗೆ ‘ದೇವರಿದ್ದಾನೆ, ಅಳಬೇಡ’ ಎಂದು ಬರೆದ ಕೂಡಲೇ ಪದ್ಯ ಸಾಯುತ್ತದೆ. ಪುಣ್ಯಕೋಟಿ ಸಮಾಧಾನ ಹೇಳುತ್ತಾ ನಿಲ್ಲದೆ ಉಳಿದ ಹಸುಗಳ ಕಡೆ ತಿರುಗುತ್ತಾಳೆ:

ಮುಂದೆ ಬಂದರೆ ಹಾಯದಿರಿ
ಹಿಂದೆ ಬಂದರೆ ಒದೆಯದಿರಿ
ಕಂದ ನಿಮ್ಮವನೆಂದು ಕಾಣಿರಿ

ದನ ಸಾಕಿದವರಿಗೆ ಇದರ ತೂಕ ಗೊತ್ತು. ಈದ ಹಸು ಕರುವನ್ನು ನೆಕ್ಕಿ, ಮೂಸಿ, ಮೊದಲ ಕೆಲವು ಗಂಟೆಗಳಲ್ಲೇ ಅದರ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಬೇರೆ ಕರು ಎದುರಿಗೆ ಬಂದರೆ ಕೊಂಬು ತೋರಿಸಿ ಹಾಯುತ್ತದೆ. ಹಸಿದ ಕರು ಅದಕ್ಕೇ ಮೂತಿಗೆ ಸಿಗದಂತೆ ಹಿಂದಿನಿಂದ, ಎರಡು ಕಾಲುಗಳ ನಡುವೆ ಬಾಯಿ ಹಾಕುತ್ತದೆ. ಅಲ್ಲಿ ಬೀಳುವುದು ಒದೆ. ತಬ್ಬಲಿಗೆ ಪೆಟ್ಟು ಬೀಳುವ ದಿಕ್ಕು ಇವೆರಡೇ. ತಾಯಿ ಎರಡನ್ನೂ ಹೆಸರಿಸಿ ಮುಚ್ಚುತ್ತಾಳೆ. ಸಾವನ್ನು ತಪ್ಪಿಸಲಾರಳು, ಆದರೆ ನಾಳೆ ಬೆಳಿಗ್ಗೆಯ ಒದೆಯನ್ನು ತಪ್ಪಿಸಬಲ್ಲಳು. ಈ ಹಾಡು ಕಟ್ಟಿದವರು ಕೊಟ್ಟಿಗೆಯಲ್ಲಿ ಕೈ ಹಾಕಿ ದುಡಿದವರೇ ಇರಬೇಕು.

ಇದನ್ನು ರಾಘವಾಂಕನ ಹರಿಶ್ಚಂದ್ರಕಾವ್ಯದ ಪಕ್ಕದಲ್ಲಿಟ್ಟು ನೋಡಿ. ಚಂದ್ರಮತಿ ಮಾರಾಟವಾದ ದಾಸಿ. ಕಾಡಿಗೆ ಹೋದ ಲೋಹಿತಾಶ್ವನನ್ನು ಹಾವು ಕಚ್ಚಿದ ಸುದ್ದಿ ಬಂದರೂ ಒಡೆಯನ ಕೆಲಸ ಮುಗಿಸದೆ ಹೊರಡುವಂತಿಲ್ಲ. ಸುಡುಗಾಡಿನಲ್ಲಿ ಸುಂಕ ಕೇಳುವವನೂ ಮಗುವಿನ ತಂದೆಯೇ. ಮಗನಿಗಾಗಿ ಒಂದು ಮಾತು ಹೇಳಿಡುವ ಹಕ್ಕೂ ಅವಳಿಗಿಲ್ಲ. ಆದ್ದರಿಂದ ಅಲ್ಲಿ ಕವಿ ಪ್ರಲಾಪವನ್ನು ಬೆಳೆಸುತ್ತಾನೆ, ಬೆಳೆಸಲೇಬೇಕು.

ಪುಣ್ಯಕೋಟಿಯ ಮಾತನ್ನು ಹಾಗೆ ಬೆಳೆಸಬಾರದು. ಓದುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ: ದನಿಯಲ್ಲಿ ಅಳು ತುಂಬಿ ಎಳೆಯುತ್ತಾರೆ, ಇಲ್ಲವೇ ಶಾಲೆಯ ರಾಗದಲ್ಲಿ ಓಡಿಸುತ್ತಾರೆ. ಹಾಡಿನ ನಡೆ 3 ಮತ್ತು 4 ಮಾತ್ರೆಗಳದ್ದು; ಮಾತ್ರೆ ಎಂದರೆ ಒಂದು ಹ್ರಸ್ವ ಅಕ್ಷರ ನುಡಿಯುವಷ್ಟು ಹೊತ್ತು. ಅದು ಎರಡು ಸಲ ಬಂದರೆ ಸಾಲಿಗೆ 14. ‘ಮುಂದೆ | ಬಂದರೆ | ಹಾಯ | ದಿರಿ’ ಎಂಬಲ್ಲಿ 3, 4, 3, 2, ಅಂದರೆ 12 ಮಾತ್ರ. ಎರಡನೆಯ ಸಾಲಿನಲ್ಲೂ ಅಷ್ಟೇ. ಕೊರತೆಯಾದ 2 ಮಾತ್ರೆಗಳಷ್ಟು ಹೊತ್ತು ದನಿ ನಿಲ್ಲಬೇಕು. ಕೇಳಿಕೊಂಡವಳು ಒಂದು ಕ್ಷಣ ಆ ಹಸುಗಳ ಮುಖ ನೋಡುವಷ್ಟು ಬಿಡುವು ಅದು. ಮೂರನೆಯ ಸಾಲಿನಲ್ಲಿ 14 ಮಾತ್ರೆಗಳೂ ತುಂಬಿವೆ. ಅದನ್ನು ಒಂದೇ ಉಸಿರಿಗೆ, ಮೆಲ್ಲಗೆ, ಅಳದೆ ಓದಿ.